ಹಲ್ಲಲ್ಲಿ ಉಳಿದ ನೀರು

ಇತಿಹಾಸ ಅಂದ ತಕ್ಷಣ ನಮಗೆ ನೆನಪಾಗೋದು ಶಾಸನ, ತಾಳೆಗರಿ, ಕೋಟೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಇನ್ನೊಂದು ದಾಖಲೆ ಇದೆ: ಜನರ ಮುಂದಿನ ಹಲ್ಲು. ಕಂದು ಗೆರೆ, ಸುಣ್ಣದಂಥ ಬಿಳಿ ಮಚ್ಚೆ. ನನ್ನ ಬಾಯಲ್ಲೂ ಇದೆ. ನೋಡಿದವರು ಗುಟ್ಕಾ ಅಂದುಕೊಳ್ತಾರೆ. ಅದು ನೀರು ಬರೆದ ಗೆರೆ.

ನಂದಿ ಬೆಟ್ಟದ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಹುಟ್ಟುತ್ತವೆ. ಆದರೆ ವರ್ಷವಿಡೀ ಹರಿಯೋ ನದಿ ಒಂದೂ ಇಲ್ಲ. ಅದಕ್ಕೇ ಹಿಂದಿನವರು ಕೆರೆ ಕಟ್ಟಿದರು, ಕಲ್ಯಾಣಿ ತೋಡಿದರು. ಹಾಗಂತ ಅದೇನು ಚಿನ್ನದ ಕಾಲ ಅಲ್ಲ. ತೆರೆದ ನೀರಿನ ಜೊತೆ ಕಾಲರಾ, ನಾರುಹುಣ್ಣು ಬರುತ್ತಿದ್ದವು. 1960ರ ದಶಕದ ಬರಗಾಲದ ನಂತರ ಯುನಿಸೆಫ್ ನೆರವಿನೊಂದಿಗೆ ದೇಶದ ಹಳ್ಳಿಹಳ್ಳಿಗೂ ಬೋರ್‌ವೆಲ್, ಕೈಪಂಪು ಬಂದವು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಅಂತ ಘೋಷಣೆಯಾಯಿತು. ಅದರಲ್ಲಿ ಬೋರ್‌ವೆಲ್ ಪಾಲೂ ಇದೆ.

ಆಮೇಲೆ ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿ ಎಲ್ಲಕ್ಕೂ ಬೋರೇ ಗತಿಯಾಯಿತು. ಆಳ ಸಾವಿರ ಅಡಿ ದಾಟಿತು. ಅಷ್ಟು ಕೆಳಗೆ ಗ್ರಾನೈಟಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಕಲ್ಲಿನ ಫ್ಲೋರೈಡ್ ಸೇರುತ್ತೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಅಪಾಯ. ವಿಜ್ಞಾನಕ್ಕೆ ಇದು ಹೊಸ ಸುದ್ದಿಯೇನಲ್ಲ. ನಮ್ಮ ಪಿನಾಕಿನಿ ಸಮುದ್ರ ಸೇರೋ ನೆಲ್ಲೂರಿನಲ್ಲೇ ವೈದ್ಯರು 1937ರಲ್ಲಿ ಈ ಕಾಯಿಲೆಯನ್ನ ಗುರುತಿಸಿ ಬರೆದಿದ್ದರು.

ನೀರು ಎಲ್ಲರಿಗೂ ಒಂದೇ ಅಲ್ವಾ, ಇದರಲ್ಲಿ ಬಡವ ಬಲ್ಲಿದ ಎಲ್ಲಿಂದ ಬಂತು ಅಂತ ಕೇಳಬಹುದು. ಬಿಸಿಲಲ್ಲಿ ಕೂಲಿ ಮಾಡೋನು ನೆರಳಲ್ಲಿ ಕೂತವನಿಗಿಂತ ಹೆಚ್ಚು ನೀರು ಕುಡೀತಾನೆ, ಅಂದರೆ ಹೆಚ್ಚು ಫ್ಲೋರೈಡ್. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಮೂಳೆಗೆ ಪೆಟ್ಟು ಇನ್ನೂ ಜಾಸ್ತಿ. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಫಿಲ್ಟರ್ ಕೊಳ್ಳೋ ಶಕ್ತಿ ಇದ್ದವರು ಮೊದಲು ಬಚಾವಾದರು.

ನಮ್ಮ ಚಿಕ್ಕಪ್ಪನ ಮಗನೂ ನಾನೂ ಒಂದೇ ವಾರಿಗೆಯವರು, ಒಂದೇ ಕೈಪಂಪಿನ ನೀರು ಕುಡಿದವರು. ಅಪ್ಪನಿಗೆ ಕೆಲಸ ಸಿಕ್ಕಿ ನಾವು ಬೆಂಗಳೂರಿಗೆ ಬಂದಾಗ ನನಗೆ ಒಂಬತ್ತು. ಹಲ್ಲಿನ ಎನಾಮಲ್ ರೂಪುಗೊಳ್ಳೋದು ಹೆಚ್ಚುಕಡಿಮೆ ಎಂಟು ವರ್ಷದೊಳಗೆ. ಹಾಗಾಗಿ ಇಬ್ಬರ ಹಲ್ಲೂ ಒಂದೇ ಥರ. ಮೂಳೆ ಹಾಗಲ್ಲ, ಅದು ಕುಡಿದಷ್ಟು ವರ್ಷವೂ ಲೆಕ್ಕ ಇಡುತ್ತೆ. ಅವನು ಈಗ ನೆಲದಿಂದ ಏಳಬೇಕಾದರೆ ಗೋಡೆ ಹಿಡೀತಾನೆ. ಫ್ಲೋರೈಡೇ ಕಾರಣ ಅಂತ ಎಕ್ಸ್‌ರೇ ಇಲ್ಲದೆ ಹೇಳಕ್ಕಾಗಲ್ಲ. ಎಕ್ಸ್‌ರೇ ತೆಗೆಸೋಕೆ ಒಂದು ದಿನದ ಕೂಲಿ ಬಿಡಬೇಕು, ಅದೂ ಕಷ್ಟ.

ಇದು ಬರೀ ನೀರಿನ ಕಥೆಯೂ ಅಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ ಬರೆದಿಟ್ಟಿದ್ದರು. ಆ ಕೂಸುಗಳು ನಡುವಯಸ್ಸು ದಾಟಿದ ಮೇಲೆ ಸಂಶೋಧಕರು ಅವರನ್ನ ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎರಡೂವರೆ ಕೆಜಿ ಒಳಗೆ ಹುಟ್ಟಿದವರಲ್ಲಿ ಶೇ. 11 ಜನಕ್ಕೆ ಹೃದಯದ ಕಾಯಿಲೆ, ಮೂರು ಕೆಜಿ ಚಿಲ್ಲರೆ ದಾಟಿದವರಲ್ಲಿ ಶೇ. 3. ತಾಯಿ ಬಸುರಿಯಲ್ಲಿ ಉಂಡಳೋ ಇಲ್ಲವೋ ಅನ್ನೋದನ್ನ ಮಗನ ಎದೆ ಐವತ್ತು ವರ್ಷ ನೆನಪಿಟ್ಟುಕೊಳ್ಳುತ್ತೆ.

ನಾವೋ, ವರ್ಗ ಅಂದರೆ ಈಗಿನ ಸ್ಯಾಲರಿ ಸ್ಲಿಪ್ ಅಂದುಕೊಂಡಿದ್ದೀವಿ. ಹೆಲ್ತ್ ಇನ್ಶೂರೆನ್ಸ್, ಜಿಮ್, ಹಲ್ಲಿಗೆ ವೆನೀರ್ ಎಲ್ಲಾ ಇವತ್ತಿನ ದುಡ್ಡಿಗೆ ಸಿಗುತ್ತೆ. ಹಳೇ ನೀರನ್ನ ವಾಪಸ್ ಕೊಡೋಕಾಗಲ್ಲ.

ಈಗ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ನಮ್ಮ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧಿಯಾಗಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಹೋಗುತ್ತೆ. ಮೂರನೇ ಹಂತವೂ ಬೇಕು ಅಂತ ಅಲ್ಲಿನವರು ಕೇಳ್ತಾನೇ ಇದ್ದಾರೆ. ಊರಲ್ಲಿ ಶುದ್ಧ ನೀರಿನ ಘಟಕಗಳಿವೆ, ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತೆ, ಕೆಟ್ಟರೆ ರಿಪೇರಿಗೆ ಕಾಯಬೇಕು. ದೊಡ್ಡವರು ಕಾಯಬಹುದೇನೋ. ಅಂಗನವಾಡಿಯಲ್ಲಿ ಕೂತಿರೋ ನಾಲ್ಕು ವರ್ಷದ ಮಗುವಿಗೆ ಉಳಿದಿರೋದು ಇನ್ನು ನಾಲ್ಕೇ ವರ್ಷ.