ತಲೆ ಬಾಚಲು ಮೂರು ನಿಮಿಷ

ಮುದುಕರ ಆರೈಕೆಗಾಗಿ ಒಂದು ದೇಶ ತನ್ನ ಹಬ್ಬದ ರಜೆಯನ್ನೇ ಬಿಟ್ಟುಕೊಟ್ಟಿತು ಎಂದರೆ ನಂಬುತ್ತೀರಾ? ಜರ್ಮನಿಯ ಪ್ರೊಟೆಸ್ಟೆಂಟರು ನವೆಂಬರಿನ ಒಂದು ಬುಧವಾರವನ್ನು ಪಶ್ಚಾತ್ತಾಪ ಮತ್ತು ಪ್ರಾರ್ಥನೆಯ ದಿನವೆಂದು ಆಚರಿಸುತ್ತಾರೆ. 1995ರಲ್ಲಿ ಸ್ಯಾಕ್ಸನಿ ಪ್ರಾಂತವೊಂದನ್ನು ಬಿಟ್ಟು ಉಳಿದೆಡೆ ಆ ರಜೆ ರದ್ದಾಯಿತು. ಅದೇ ವರ್ಷ ಜಾರಿಗೆ ಬಂದ ಆರೈಕೆ ವಿಮೆಯ ಕಂತಿನಲ್ಲಿ ಅರ್ಧ ನೌಕರರದು, ಅರ್ಧ ಮಾಲೀಕರದು. ಮಾಲೀಕರ ಮೇಲೆ ಬಿದ್ದ ಹೊರೆ ಸರಿದೂಗಲೆಂದು ಎಲ್ಲರೂ ಒಂದು ದಿನ ಹೆಚ್ಚು ದುಡಿಯುವುದೆಂದು ಲೆಕ್ಕ. ರಜೆ ಉಳಿಸಿಕೊಂಡ ಸ್ಯಾಕ್ಸನಿಯಲ್ಲಿ ನೌಕರರ ಪಾಲೇ ಹೆಚ್ಚು.

ವಿಮೆ ಎಂಬುದು ಜರ್ಮನರಿಗೆ ಹೊಸದಲ್ಲ. ಬಿಸ್ಮಾರ್ಕ್ ಕಾಲದಲ್ಲೇ, 1883ರಲ್ಲಿ ಕಾಯಿಲೆಗೆ, 1884ರಲ್ಲಿ ಅಪಘಾತಕ್ಕೆ, 1889ರಲ್ಲಿ ವೃದ್ಧಾಪ್ಯಕ್ಕೆ ವಿಮೆ ಬಂದಿತ್ತು. 1927ರಲ್ಲಿ ನಿರುದ್ಯೋಗಕ್ಕೂ ಬಂತು. ಆದರೆ ಕಾಯಿಲೆ ಬೇರೆ, ಕೈಲಾಗದಿರುವುದು ಬೇರೆ. ನ್ಯುಮೋನಿಯಾಕ್ಕೆ ವಿಮೆಯ ಹಣ ಸಿಗುತ್ತಿತ್ತು. ಎದ್ದು ಕೂರಲಾರದ ಅಜ್ಜಿಗೆ ಸ್ನಾನ ಮಾಡಿಸಿ ಉಣ್ಣಿಸುವ ಕೆಲಸಕ್ಕೆ ಸಿಗುತ್ತಿರಲಿಲ್ಲ. ಆರೈಕೆಗೃಹಕ್ಕೆ ಸೇರಿದವರ ಉಳಿತಾಯ ಕರಗಿದ ಮೇಲೆ ಸರ್ಕಾರದ ನೆರವಿಗೆ ಕೈಚಾಚಬೇಕಿತ್ತು. ಜೀವನವಿಡೀ ದುಡಿದವರಿಗೆ ಕೊನೆಗಾಲದಲ್ಲಿ ಈ ಅವಮಾನ ಏಕೆ ಎಂದು ಸುಮಾರು ಇಪ್ಪತ್ತು ವರ್ಷ ಚರ್ಚೆ ನಡೆಯಿತು. ಕೊನೆಗೆ 1994ರಲ್ಲಿ, ಹೆಲ್ಮುಟ್ ಕೋಲ್ ಪ್ರಧಾನಿಯಾಗಿದ್ದಾಗ, ಕಾರ್ಮಿಕ ಸಚಿವ ನಾರ್ಬರ್ಟ್ ಬ್ಲೂಮ್ ಹಟ ಹಿಡಿದು ಕಾನೂನು ಮಾಡಿಸಿದರು. 1995ರ ಏಪ್ರಿಲ್‌ನಿಂದ ಮನೆಯಲ್ಲಿ ಆರೈಕೆ ಪಡೆಯುವವರಿಗೆ ಹಣ ಸಿಗತೊಡಗಿತು.

ನಾವು ಹೆಂಗಸರು ಗಮನವಿಟ್ಟು ನೋಡಬೇಕಾದದ್ದು ಅದರ ದರಪಟ್ಟಿ. ಕಡಿಮೆ ಅವಲಂಬನೆಯ ಮೊದಲ ಹಂತದವರ ಮನೆಗೆ ಸಂಸ್ಥೆಯ ದಾದಿ ಬಂದರೆ ವಿಮೆ ತಿಂಗಳಿಗೆ 750 ಮಾರ್ಕ್‌ವರೆಗೆ ಕೊಡುತ್ತಿತ್ತು. ಮನೆಯವರೇ ನೋಡಿಕೊಳ್ಳುತ್ತೇವೆಂದರೆ ನಗದು 400 ಮಾರ್ಕ್. ಎರಡನೆಯ ಹಂತದಲ್ಲಿ 1800ಕ್ಕೆ 800, ಮೂರನೆಯದರಲ್ಲಿ 2800ಕ್ಕೆ 1300. ಕೆಲಸ ಅದೇ, ಹಾಸಿಗೆ ಅದೇ, ಅದರ ಮೇಲೆ ಮಲಗಿದ ಜೀವವೂ ಅದೇ. ಸೊಸೆಯೋ ಮಗಳೋ ಮಾಡಿದರೆ ಬೆಲೆ ಅರ್ಧದ ಆಸುಪಾಸಿಗೆ ಇಳಿಯಿತು. ಇದು ಸಂಬಳವಲ್ಲ, ಮೆಚ್ಚುಗೆಯ ಕಾಣಿಕೆ ಎಂದು ಸರ್ಕಾರ ಹೇಳಿತು. ಆದರೂ ಬಹುಪಾಲು ಮನೆಗಳು ನಗದನ್ನೇ ಆರಿಸಿಕೊಂಡವು. ಹೊರಗಿನವರ ಕೈಗೆ ಹೆತ್ತವರನ್ನು ಒಪ್ಪಿಸಲು ಅಲ್ಲಿಯೂ ಮನಸ್ಸು ಬಾರದು ಎಂದು ಓದಿದಾಗ, ದೂರದ ದೇಶವೊಂದು ನಮ್ಮ ಪಕ್ಕದ ಬೀದಿಯಷ್ಟು ಹತ್ತಿರವಾಯಿತು.

ಯಾರು ಯಾವ ಹಂತ ಎಂದು ತೀರ್ಮಾನಿಸಲು ಪರೀಕ್ಷಕರು ಮನೆಗೇ ಬರುತ್ತಿದ್ದರು. ಅವರ ಅಳತೆಗೋಲು ಗಡಿಯಾರ. ಮೊದಲ ಹಂತಕ್ಕೆ ದಿನಕ್ಕೆ ಕನಿಷ್ಠ ಒಂದೂವರೆ ಗಂಟೆಯ ಸಹಾಯ ಬೇಕಿರಬೇಕು. ಮೂರನೆಯದಕ್ಕೆ ಐದು ಗಂಟೆ. ಒಂದೊಂದು ಕೆಲಸಕ್ಕೂ ಇಷ್ಟಿಷ್ಟು ನಿಮಿಷ ಎಂಬ ಪಟ್ಟಿ 1997ರಲ್ಲಿ ಬಂತು. ಇಡೀ ಮೈ ಒರೆಸಲು 20ರಿಂದ 25 ನಿಮಿಷ. ಹಲ್ಲುಜ್ಜಿಸಲು 5. ತಲೆ ಬಾಚಲು 1ರಿಂದ 3.

ನಾನು ನಮ್ಮತ್ತೆಯನ್ನು ನಾಲ್ಕು ವರ್ಷ ಮನೆಯಲ್ಲೇ ನೋಡಿಕೊಂಡವಳು. ಪಾರ್ಶ್ವವಾಯು ಹೊಡೆದು ಅವರ ಬಲಗೈ ಬಿದ್ದುಹೋಗಿತ್ತು. ಸಿಕ್ಕು ಬಿಡಿಸಿ ತಲೆ ಬಾಚಲು ಮೂರು ನಿಮಿಷ ಸಾಕೇನೋ, ಸರಿ. ಆದರೆ ಆ ಹೊತ್ತಿನಲ್ಲೇ ಅವರು ತವರಿನ ತೋಟದ ಸುದ್ದಿ ತೆಗೆಯುತ್ತಿದ್ದರು. ತೊದಲು ಮಾತು ಅರ್ಥವಾಗುವವರೆಗೆ ಕಾದು ಹೂಂಗುಟ್ಟಬೇಕಿತ್ತು. ಆ ಕಾಲು ಗಂಟೆ ಯಾವ ಪಟ್ಟಿಯಲ್ಲೂ ಇಲ್ಲ. ರಾತ್ರಿ ಅವರು ಕೆಮ್ಮಿದರೆ ಏಳಬೇಕೆಂದು ಅರೆನಿದ್ದೆಯಲ್ಲಿ ಕಳೆದ ಗಂಟೆಗಳನ್ನಂತೂ ಕೇಳುವುದೇ ಬೇಡ.

ಜರ್ಮನಿಯಲ್ಲೂ ಈ ಆಕ್ಷೇಪ ಎದ್ದಿತು. ಮರೆವಿನ ರೋಗದವರಿಗೆ ಮೈಯಲ್ಲಿ ಶಕ್ತಿ ಇರುತ್ತದೆ, ಉಣ್ಣಬಲ್ಲರು, ನಡೆಯಬಲ್ಲರು. ಆದರೆ ಒಲೆ ಹಚ್ಚಿ ಮರೆಯುತ್ತಾರೆ, ಬಾಗಿಲು ತೆಗೆದು ಹೊರಟುಬಿಡುತ್ತಾರೆ. ದಿನವಿಡೀ ಕಣ್ಣಿಟ್ಟು ಕಾಯುವುದಕ್ಕೆ ಗಡಿಯಾರದ ಲೆಕ್ಕದಲ್ಲಿ ಜಾಗವಿರಲಿಲ್ಲ. ಕಡೆಗೆ 2017ರಲ್ಲಿ ನಿಮಿಷಗಳ ಎಣಿಕೆ ಹೋಯಿತು. ಮೂರು ಹಂತಗಳ ಬದಲು ಐದು ದರ್ಜೆಗಳಾದವು. ತಮ್ಮ ಕೆಲಸ ತಾವು ಎಷ್ಟು ಮಾಡಿಕೊಳ್ಳಬಲ್ಲರು ಎಂಬುದು ಹೊಸ ಅಳತೆಯಾಯಿತು.

ಇನ್ನೆರಡು ಸಂಗತಿ ಹೇಳಲೇಬೇಕು. ವಾರಕ್ಕೆ ಕನಿಷ್ಠ 14 ಗಂಟೆ ಮನೆಯವರನ್ನು ನೋಡಿಕೊಳ್ಳುವವರ ಹೆಸರಿನಲ್ಲಿ ಈ ವಿಮೆ ಪಿಂಚಣಿ ನಿಧಿಗೆ ಹಣ ಕಟ್ಟತೊಡಗಿತು. 2017ರಿಂದ 10 ಗಂಟೆಯಾದರೂ ಸಾಕು. ನೌಕರಿ ಬಿಟ್ಟು ಅತ್ತೆಯ ಮಂಚದ ಪಕ್ಕ ಕುಳಿತವಳ ಮುಪ್ಪಿಗೂ ಇದರಿಂದ ಒಂದು ಆಸರೆ. ಎರಡನೆಯದು 2001ರ ತೀರ್ಪು. ಮಕ್ಕಳನ್ನು ಹೆತ್ತು ಬೆಳೆಸುವವರೂ ಮಕ್ಕಳಿಲ್ಲದವರೂ ಒಂದೇ ಕಂತು ಕಟ್ಟುವುದು ಸಲ್ಲದು, ನಾಳೆಯ ಕಂತು ಕಟ್ಟುವವರನ್ನು ಬೆಳೆಸುವುದೂ ಒಂದು ಕೊಡುಗೆಯೇ ಎಂದಿತು ಅಲ್ಲಿನ ಸಂವಿಧಾನ ನ್ಯಾಯಾಲಯ. 2005ರಿಂದ ಮಕ್ಕಳಿಲ್ಲದವರ ಕಂತು ತುಸು ಹೆಚ್ಚಾಯಿತು.

ಹಾಗೆಂದು ಎಲ್ಲವೂ ನೆಟ್ಟಗಾಯಿತೆಂದಲ್ಲ. 1996ರಿಂದ 2008ರವರೆಗೆ ದರ ಏರಲೇ ಇಲ್ಲ. ವಿಮೆಯ ನಗದಿಗೆ ಕೈಯಿಂದ ಇನ್ನಷ್ಟು ಸೇರಿಸಿ, ಪೂರ್ವ ಯೂರೋಪಿನ ಹೆಂಗಸರನ್ನು ಮನೆಯಲ್ಲೇ ಇಟ್ಟುಕೊಳ್ಳುವ ರೂಢಿ ಬೆಳೆಯಿತು. ಬಲ್ಗೇರಿಯಾದ ಒಬ್ಬಾಕೆಯ ಕರಾರಿನಲ್ಲಿದ್ದದ್ದು ವಾರಕ್ಕೆ 30 ಗಂಟೆ. ಇರಬೇಕಾಗಿ ಬಂದದ್ದು ಹಗಲೂ ರಾತ್ರಿ. ಕರೆದಾಗ ಏಳಲು ಸಿದ್ಧವಾಗಿರುವ ಹೊತ್ತಿಗೂ ಕನಿಷ್ಠ ಕೂಲಿ ಕೊಡಬೇಕೆಂದು 2021ರಲ್ಲಿ ಅಲ್ಲಿನ ಉನ್ನತ ಕಾರ್ಮಿಕ ನ್ಯಾಯಾಲಯ ತೀರ್ಪಿತ್ತಿತು. ಅದನ್ನು ಓದಿದ ದಿನ ನನ್ನ ಅರೆನಿದ್ದೆಯ ರಾತ್ರಿಗಳೆಲ್ಲ ನೆನಪಾದವು. ಮನೆಯವಳ ಅರೆಬೆಲೆ ಮಾತ್ರ ಉಳಿದೇ ಇದೆ. 2025ರಲ್ಲಿ ಎರಡನೆಯ ದರ್ಜೆಗೆ ಸಂಸ್ಥೆಯ ದಾದಿ ಬಂದರೆ 796 ಯೂರೋವರೆಗೆ, ಮನೆಯವರಿಗೆ 347.

ಪರೀಕ್ಷಕರು ಬರುವ ಮುಂಚೆ ಜರ್ಮನಿಯ ಮನೆಗಳಲ್ಲಿ ಆರೈಕೆಯ ದಿನಚರಿ ಬರೆದಿಡುವ ಪದ್ಧತಿ ಬೆಳೆದಿತ್ತು. ಎಷ್ಟು ಹೊತ್ತಿಗೆ ಎಬ್ಬಿಸಿದೆ, ಏನು ಉಣ್ಣಿಸಿದೆ, ರಾತ್ರಿ ಎಷ್ಟು ಸಲ ಎದ್ದೆ, ಎಲ್ಲವೂ ಅದರಲ್ಲಿ. ನಮ್ಮಲ್ಲಿ ಅದನ್ನು ನೋಡಲು ಯಾವ ಪರೀಕ್ಷಕರೂ ಬರುವುದಿಲ್ಲ, ನಿಜ. ಆದರೂ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಒಂದು ವಾರ ಬರೆದು ನೋಡಿ, ಭಾನುವಾರ ಎಲ್ಲರೂ ಊಟಕ್ಕೆ ಕುಳಿತಾಗ ಓದಿ ಹೇಳಿ. ಮುಂದಿನ ವಾರ ರಾತ್ರಿಯ ಪಾಳಿ ಯಾರದು ಎಂಬ ಮಾತಾದರೂ ಅಲ್ಲಿಂದ ಶುರುವಾದೀತು.