ಟೌನ್‌ಶಿಪ್ (ಅಮೆರಿಕ ಸಂಯುಕ್ತ ಸಂಸ್ಥಾನ)

ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಮತ್ತು ಮಧ್ಯಪಶ್ಚಿಮ ರಾಜ್ಯಗಳಲ್ಲಿ, ಜಿಲ್ಲೆಯನ್ನು ಹೋಲುವ ಕೌಂಟಿ ಎಂಬ ಘಟಕದ ಒಳಗೆ ಬರುವ ಸ್ಥಳೀಯ ವಿಭಾಗಕ್ಕೆ ಟೌನ್‌ಶಿಪ್ ಎಂದು ಹೆಸರು. ಇದರಲ್ಲಿ ಎರಡು ಬಗೆಗಳಿವೆ: ಭೂಮಾಪನದ ಟೌನ್‌ಶಿಪ್ ಎಂಬುದು ಜಮೀನನ್ನು ಗುರುತಿಸಲು ನಕ್ಷೆಯಲ್ಲಿ ಎಳೆದ ಚೌಕವಷ್ಟೆ, ಆಡಳಿತದ ಟೌನ್‌ಶಿಪ್ ಎಂಬುದು ಚುನಾಯಿತ ಪ್ರತಿನಿಧಿಗಳನ್ನೂ ತೆರಿಗೆಯ ಅಧಿಕಾರವನ್ನೂ ಉಳ್ಳ ಸರ್ಕಾರ. ಈಶಾನ್ಯದ ನ್ಯೂ ಇಂಗ್ಲೆಂಡ್ ಪ್ರದೇಶದ ಟೌನ್‌ಗಳನ್ನೂ ಸೇರಿಸಿದರೆ 20 ರಾಜ್ಯಗಳಲ್ಲಿ ಇಂಥ ಸುಮಾರು 16,000 ಸರ್ಕಾರಗಳಿವೆ. ಮಧ್ಯಪಶ್ಚಿಮದಲ್ಲಿ ಮೊದಲು ಚೌಕ ಬಂದಿತು, ಬಳಿಕ ಜನ ಬಂದರು, ಕೊನೆಗೆ ಆಡಳಿತ ರೂಪುಗೊಂಡಿತು. ಆ ಆಡಳಿತದ ಬಲಕ್ಕೂ ದೌರ್ಬಲ್ಯಕ್ಕೂ ಈ ಅನುಕ್ರಮವೇ ಬಹುಮಟ್ಟಿಗೆ ಕಾರಣ.

ಸ್ವಾತಂತ್ರ್ಯ ಸಮರದ ಸಾಲದ ಹೊರೆಯನ್ನು ಹೊತ್ತಿದ್ದ, ಆದರೆ ತೆರಿಗೆ ವಿಧಿಸುವ ಅಧಿಕಾರವಿಲ್ಲದ ಅಂದಿನ ಒಕ್ಕೂಟದ ಕಾಂಗ್ರೆಸ್ಸಿಗೆ ಪಶ್ಚಿಮದ ಭೂಮಿಯ ಮಾರಾಟವೇ ಮುಖ್ಯ ಆದಾಯವಾಗಿ ಕಂಡಿತು. 1785ರ ಮೇ 20ರಂದು ಅಂಗೀಕೃತವಾದ ಭೂ ಶಾಸನವು, ಮಾರುವ ಮೊದಲು ಭೂಮಿಯನ್ನು ಅಳೆದು ತಲಾ ಆರು ಮೈಲಿ ಉದ್ದ, ಆರು ಮೈಲಿ ಅಗಲದ ಟೌನ್‌ಶಿಪ್‌ಗಳಾಗಿ ವಿಂಗಡಿಸಬೇಕೆಂದು ವಿಧಿಸಿತು. ಪ್ರತಿ ಟೌನ್‌ಶಿಪ್ಪನ್ನು ಒಂದು ಚದರ ಮೈಲಿಯ, ಅಂದರೆ 640 ಎಕರೆಯ, 36 ಸೆಕ್ಷನ್‌ಗಳಾಗಿ ಒಡೆದು, 16ನೆಯ ಸೆಕ್ಷನ್ನನ್ನು ಸಾರ್ವಜನಿಕ ಶಾಲೆಯ ನಿರ್ವಹಣೆಗೆಂದು ಕಾದಿರಿಸಲಾಯಿತು. ಅದೇ ವರ್ಷದ ಸೆಪ್ಟೆಂಬರ್ 30ರಂದು ಮೋಜಣಿದಾರ ಥಾಮಸ್ ಹಚಿನ್ಸ್ ಈಗಿನ ಒಹಾಯೊ ರಾಜ್ಯದ ಪೂರ್ವದ ಅಂಚಿನಲ್ಲಿ, ಒಹಾಯೊ ನದಿಯ ದಡದಿಂದ ಮೋಜಣಿ ಆರಂಭಿಸಿದನು. ಅಳೆಯುತ್ತಿದ್ದ ನಾಡು ಶಾನಿ, ಡೆಲವೇರ್, ಮಯಾಮಿ ಮೊದಲಾದ ಮೂಲನಿವಾಸಿ ಜನಾಂಗಗಳದ್ದಾಗಿತ್ತು; ಅವರ ಪ್ರತಿರೋಧದ ಭಯದಿಂದ ಕೆಲಸ ಆರಂಭದಲ್ಲೇ ಸ್ಥಗಿತಗೊಂಡಿತು. 1795ರ ಗ್ರೀನ್‌ವಿಲ್ ಒಪ್ಪಂದದಲ್ಲಿ ಅವರು ಒಹಾಯೊದ ಬಹುಭಾಗವನ್ನು ಬಿಟ್ಟುಕೊಡಬೇಕಾದ ಮೇಲೆಯೇ ಅಲ್ಲಿ ವಲಸಿಗರ ಬೇಸಾಯ ವ್ಯಾಪಕವಾಗಿ ಹರಡಿತು.

ಮೋಜಣಿದಾರರು 66 ಅಡಿ ಉದ್ದದ ಗಂಟರ್ ಸರಪಳಿಯನ್ನು ಬಳಸುತ್ತಿದ್ದರು. ಇಂಥ 80 ಸರಪಳಿ ಸೇರಿದರೆ ಒಂದು ಮೈಲಿ, ಹತ್ತು ಚದರ ಸರಪಳಿ ಸೇರಿದರೆ ಒಂದು ಎಕರೆ. 1796ರ ಕಾಯಿದೆಯಂತೆ ಸೆಕ್ಷನ್‌ಗಳ ಎಣಿಕೆ ಈಶಾನ್ಯ ಮೂಲೆಯಲ್ಲಿ ತೊಡಗಿ, ನೇಗಿಲಿಗೆ ಹೂಡಿದ ಎತ್ತುಗಳು ಸಾಲಿನ ಕೊನೆಯಲ್ಲಿ ಹಿಂದಿರುಗುವಂತೆ, ಒಮ್ಮೆ ಪಶ್ಚಿಮಕ್ಕೂ ಒಮ್ಮೆ ಪೂರ್ವಕ್ಕೂ ಸಾಗುತ್ತದೆ. ರೇಖಾಂಶಗಳು ಉತ್ತರಕ್ಕೆ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ ಯಾವ ಟೌನ್‌ಶಿಪ್ಪೂ ನಿಖರವಾದ ಚೌಕವಾಗಲಾರದು. ಹೀಗಾಗಿ ನಿಗದಿತ ಅಂತರಗಳಲ್ಲಿ ತಿದ್ದುಪಡಿ ರೇಖೆಗಳನ್ನು ಎಳೆದು ಮತ್ತೆ ಹೊಸದಾಗಿ ಅಳೆಯುವ ಕ್ರಮ ಬೆಳೆಯಿತು. ನೇರವಾದ ಹಳ್ಳಿಗಾಡಿನ ರಸ್ತೆಗಳು ಇಂಥ ರೇಖೆಗಳ ಬಳಿ ಥಟ್ಟನೆ ಪಕ್ಕಕ್ಕೆ ಸರಿಯುವುದು ಇದರಿಂದಲೇ. ಹೊಳೆ, ಗುಡ್ಡ, ಜೌಗುಗಳನ್ನು ಲೆಕ್ಕಿಸದೆ ಗಡಿ ಎಳೆದದ್ದರಿಂದ, ಒಂದೇ ಟೌನ್‌ಶಿಪ್ಪಿನ ಎರಡು ಭಾಗಗಳ ನಡುವೆ ನದಿ ಹರಿದು, ಸೇತುವೆಯಿಲ್ಲದೆ ಸಂಪರ್ಕವೇ ಸಾಧ್ಯವಾಗದ ಸ್ಥಿತಿಯೂ ಉಂಟಾಗುತ್ತಿತ್ತು. ರೈತರು ತಮ್ಮ ತಮ್ಮ ಜಮೀನಿನಲ್ಲೇ ಮನೆ ಕಟ್ಟಿಕೊಂಡದ್ದರಿಂದ ವಸತಿ ಒಂದೆಡೆ ಗುಂಪುಗೂಡದೆ ಚದುರಿಹೋಯಿತು.

ಈ ಚೌಕಗಳಿಗೆ ಆಡಳಿತದ ಕಲ್ಪನೆ ಬಂದದ್ದು ಮುಖ್ಯವಾಗಿ ನ್ಯೂ ಇಂಗ್ಲೆಂಡಿನಿಂದ. ಮತದಾರರೆಲ್ಲ ಒಂದೆಡೆ ಸೇರಿ ರಸ್ತೆ, ಶಾಲೆ, ತೆರಿಗೆಗಳನ್ನು ನಿರ್ಧರಿಸುವ ಅಲ್ಲಿನ ಟೌನ್ ಸಭೆಯನ್ನು ದೇಶದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್‌ಸನ್ ಮೆಚ್ಚಿದ್ದನು. ಫ್ರೆಂಚ್ ಚಿಂತಕ ಅಲೆಕ್ಸಿಸ್ ದ ತೊಕ್ವಿಲ್ 1835ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ಪ್ರಜಾಪ್ರಭುತ್ವದ ಬುನಾದಿಯೆಂದು ವಿವೇಚಿಸಿದನು. ದಕ್ಷಿಣದ ರಾಜ್ಯಗಳಲ್ಲಾದರೋ ಕೌಂಟಿಯೇ ಪ್ರಧಾನವಾಗಿತ್ತು. ಈ ಎರಡು ಪರಂಪರೆಗಳು ಸಂಧಿಸಿದ ಇಲಿನಾಯ್ ರಾಜ್ಯದ 1848ರ ಸಂವಿಧಾನವು ಆಯ್ಕೆಯನ್ನು ಆಯಾ ಕೌಂಟಿಯ ಮತದಾರರಿಗೇ ಬಿಟ್ಟಿತು; ಅಲ್ಲಿನ 102 ಕೌಂಟಿಗಳಲ್ಲಿ 85 ಟೌನ್‌ಶಿಪ್ ಪದ್ಧತಿಯನ್ನು ಅನುಸರಿಸುತ್ತಿವೆ, ಉಳಿದ 17ರಲ್ಲಿ ಹೆಚ್ಚಿನವು ದಕ್ಷಿಣದಿಂದ ಬಂದ ವಲಸಿಗರು ನೆಲೆಸಿದ ಭಾಗದವು.

ಆಡಳಿತದ ರಚನೆ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ. ಒಹಾಯೊದಲ್ಲಿ ಮೂವರು ಟ್ರಸ್ಟಿಗಳೂ ಒಬ್ಬ ಹಣಕಾಸು ಅಧಿಕಾರಿಯೂ ನಾಲ್ಕು ವರ್ಷಗಳ ಅವಧಿಗೆ ಆಯ್ಕೆಯಾಗುತ್ತಾರೆ. ಇಂಡಿಯಾನಾದಲ್ಲಿ ಕಾರ್ಯಾಧಿಕಾರವೆಲ್ಲ ಒಬ್ಬನೇ ಟ್ರಸ್ಟಿಯದು. ಮಿಷಿಗನ್‌ನಲ್ಲಿ ಸೂಪರ್‌ವೈಸರ್, ಗುಮಾಸ್ತ, ಖಜಾಂಚಿ ಮತ್ತು ಟ್ರಸ್ಟಿಗಳು ಸೇರಿ ಮಂಡಳಿಯಾಗುತ್ತದೆ. ಮಿನೆಸೋಟದಲ್ಲಿ ಪ್ರತಿವರ್ಷ ಮಾರ್ಚ್ ತಿಂಗಳ ಎರಡನೆಯ ಮಂಗಳವಾರ ಮತದಾರರೇ ನೇರವಾಗಿ ಸಭೆ ಸೇರಿ ತೆರಿಗೆಯ ಮೊತ್ತವನ್ನು ನಿಶ್ಚಯಿಸುವ ಪದ್ಧತಿ ಇಂದಿಗೂ ಜೀವಂತವಾಗಿದೆ. ಜಲ್ಲಿ ರಸ್ತೆಗಳ ದುರಸ್ತಿ, ಹಿಮ ತೆಗೆಯುವುದು, ಅಗ್ನಿಶಾಮಕ ಸೇವೆ, ಸ್ಮಶಾನಗಳ ಪಾಲನೆ, ಭೂಬಳಕೆಯ ನಿಯಂತ್ರಣ ಮತ್ತು ಕೆಲವೆಡೆ ಬಡವರಿಗೆ ತುರ್ತು ನೆರವು ಇವು ಟೌನ್‌ಶಿಪ್ಪಿನ ಸಾಮಾನ್ಯ ಹೊಣೆಗಳು. ವೆಚ್ಚಕ್ಕೆ ಮುಖ್ಯ ಆಧಾರ ಆಸ್ತಿ ತೆರಿಗೆ. ಟೌನ್‌ಶಿಪ್ ರಾಜ್ಯದ ಶಾಸನದಿಂದ ಹುಟ್ಟಿದ ಸಂಸ್ಥೆಯಾದ್ದರಿಂದ ರಾಜ್ಯ ಕೊಟ್ಟಷ್ಟೇ ಅಧಿಕಾರವನ್ನು ಅದು ಚಲಾಯಿಸಬಲ್ಲದು.

ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ವಾಹನಗಳು ದೂರವನ್ನು ಕುಗ್ಗಿಸಿದವು, ಒಂದು ಕೋಣೆಯ ಶಾಲೆಗಳು ವಿಲೀನಗೊಂಡವು, ಬೆಳೆಯುವ ನಗರಗಳು ಪಕ್ಕದ ಟೌನ್‌ಶಿಪ್ಪಿನ ಭೂಮಿಯನ್ನು ತಮ್ಮ ಗಡಿಗೆ ಸೇರಿಸಿಕೊಂಡವು. ಈ ಬದಲಾವಣೆಗಳ ನಡುವೆ ಮಿಷಿಗನ್ 1947ರ ಕಾಯಿದೆಯ ಮೂಲಕ ಹೆಚ್ಚಿನ ಅಧಿಕಾರವುಳ್ಳ ಚಾರ್ಟರ್ ಟೌನ್‌ಶಿಪ್ಪಿಗೆ ಅವಕಾಶ ನೀಡಿತು. ಇಂಡಿಯಾನಾದಲ್ಲಿ 2007ರಲ್ಲಿ ಸರ್ಕಾರಿ ಆಯೋಗವೊಂದು ಟೌನ್‌ಶಿಪ್ಪಿನ ಹೊಣೆಗಳನ್ನು ಕೌಂಟಿಗೆ ವರ್ಗಾಯಿಸಬೇಕೆಂದು ಶಿಫಾರಸು ಮಾಡಿತು. ಮರುವರ್ಷ ಆಸ್ತಿ ಮೌಲ್ಯಮಾಪನದ ಕೆಲಸ ಬಹುತೇಕ ಕೌಂಟಿಗೆ ಹೋದರೂ ಟೌನ್‌ಶಿಪ್‌ಗಳು ಉಳಿದವು. ಇಷ್ಟು ಚಿಕ್ಕ ಘಟಕಗಳು ದುಬಾರಿ ಎಂಬುದು ವಿರೋಧಿಗಳ ವಾದ. ಮನೆ ಮುಂದಿನ ರಸ್ತೆಗೆ ಉತ್ತರ ಹೇಳಬೇಕಾದವರು ಮತದಾರರ ನೆರೆಯವರೇ ಆಗಿರುವುದು ಈ ಪದ್ಧತಿಯ ಹೆಚ್ಚುಗಾರಿಕೆ ಎಂಬುದು ಬೆಂಬಲಿಗರ ವಾದ. ಭೂಮಿಯನ್ನು ಸುಲಭವಾಗಿ ಮಾರುವ ಸಲುವಾಗಿ ಎಳೆದ ಗೆರೆಗಳು ಆ ಉದ್ದೇಶ ತೀರಿದ ಮೇಲೂ ಸ್ವಯಮಾಡಳಿತದ ಗಡಿಗಳಾಗಿ ಉಳಿದಿರುವುದಕ್ಕೆ ಈ ಸಾಮೀಪ್ಯವೇ ಮುಖ್ಯ ಕಾರಣ.