ಬೇಲಿ ಹೊಲ ಮೇಯದಿರಲು: ಜಾಲವಂಚನೆ ಪತ್ತೆ ಸಾಧನಗಳ ಚರಿತ್ರೆ

ಕಡೂರಿನ ತೆಂಗು ಬೆಳೆಗಾರ, ತರೀಕೆರೆಯ ಅಡಿಕೆ ವ್ಯಾಪಾರಿ, ಅಜ್ಜಂಪುರದ ಕಾಲೇಜು ವಿದ್ಯಾರ್ಥಿನಿ – ಈ ಮೂವರಿಗೂ ಒಂದೇ ದಿನ ಒಂದೇ ಸಂದೇಶ ಬರಬಹುದು: ‘ನಿಮ್ಮ ಬಿಲ್ ಪಾವತಿಯಾಗಿಲ್ಲ. ಇಂದು ರಾತ್ರಿ ವಿದ್ಯುತ್ ಸಂಪರ್ಕ ಕಡಿತವಾಗಲಿದೆ. ಕೂಡಲೇ ಈ ಕೊಂಡಿಯನ್ನು ಒತ್ತಿ.’ ಒತ್ತಿದರೆ ತೆರೆಯುವ ಪುಟ ಮೆಸ್ಕಾಂ ಪುಟದಂತೆಯೇ ಇರುತ್ತದೆ. ಹಣ ಹೋಗುವುದು ಮಾತ್ರ ವಂಚಕನ ಖಾತೆಗೆ. ಇಂಥ ಪುಟ ತೆರೆಯುವ ಮೊದಲೇ ‘ಎಚ್ಚರ’ ಎನ್ನುವ ಪುಟ್ಟ ತಂತ್ರಾಂಶಗಳಿವೆ. ಬ್ರೌಸರಿಗೆ ಜೋಡಿಸಿಕೊಳ್ಳುವ ಇವುಗಳಿಗೆ ಎಕ್ಸ್‌ಟೆನ್ಷನ್ ಅಥವಾ ವಿಸ್ತರಣೆ ಎಂದು ಹೆಸರು. ಆದರೆ ನೀವು ನೋಡುವ ಪುಟ ಸಾಚಾ ಅಥವಾ ಖೋಟಾ ಎಂದು ಹೇಳಬೇಕಾದರೆ, ನೀವು ಯಾವ ಪುಟ ನೋಡುತ್ತಿದ್ದೀರಿ ಎಂಬುದು ಅದಕ್ಕೆ ತಿಳಿಯಲೇಬೇಕಲ್ಲವೇ? ಕಳೆದ ಎರಡು ದಶಕಗಳ ಚರಿತ್ರೆಯೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಗಾಳದ ಆರಂಭ

‘ಫಿಶಿಂಗ್’ ಎಂಬ ಪದ 1996ರ ವೇಳೆಗೆ ಬಳಕೆಗೆ ಬಂದಿತ್ತು. ಅಮೆರಿಕ ಆನ್‌ಲೈನ್ ಸಂಸ್ಥೆಯ ಸಿಬ್ಬಂದಿಯ ಸೋಗಿನಲ್ಲಿ ಚಂದಾದಾರರಿಗೆ ಸಂದೇಶ ಕಳಿಸಿ, ಗುಪ್ತಪದಗಳನ್ನು ಗಾಳ ಹಾಕಿ ಹಿಡಿಯುವವರು ಆಗ ಹುಟ್ಟಿಕೊಂಡಿದ್ದರು. 2002ರಲ್ಲಿ ಗಾಬ್ರಿಲೋವಿಚ್ ಮತ್ತು ಗಾಂಟ್‌ಮಾಕರ್ ಎಂಬ ಇಸ್ರೇಲಿನ ಸಂಶೋಧಕರು ಇನ್ನೊಂದು ಅಪಾಯವನ್ನು ತೋರಿಸಿದರು. ಬೇರೆ ಲಿಪಿಯ, ಆದರೆ ನೋಡಲು ಒಂದೇ ತೆರನಾದ ಅಕ್ಷರವನ್ನು ವಿಳಾಸದಲ್ಲಿ ಸೇರಿಸಿದರೆ ಕಣ್ಣು ಮೋಸಹೋಗುತ್ತದೆ. ಕನ್ನಡದ ಸೊನ್ನೆಯನ್ನೂ ಅನುಸ್ವಾರವನ್ನೂ ನೆನೆಯಿರಿ. ನಮಗೆ ಎರಡೂ ಒಂದೇ ವೃತ್ತ. ಗಣಕಕ್ಕೆ ಅವು ಎರಡು ಬೇರೆ ಸಂಖ್ಯೆಗಳು. ಆದ್ದರಿಂದ ಕಣ್ಣಿಗಿಂತ ಗಣಕದ ನೆರವು ಲೇಸೆನಿಸಿತು.

ಎರಡು ದಾರಿಗಳು

2004ರ ಕೊನೆಯಲ್ಲಿ ಬ್ರಿಟನ್ನಿನ ನೆಟ್‌ಕ್ರಾಫ್ಟ್ ಸಂಸ್ಥೆ ವಂಚನೆ ತಡೆಯುವ ಟೂಲ್‌ಬಾರ್ ಹೊರತಂದಿತು. 2005ರಲ್ಲಿ ಗೂಗಲ್ ಫೈರ್‌ಫಾಕ್ಸ್‌ಗೆ ಒಂದು ವಿಸ್ತರಣೆ ನೀಡಿತು. 2006ರ ಅಕ್ಟೋಬರಿನಲ್ಲಿ ಬಂದ ಫೈರ್‌ಫಾಕ್ಸ್ 2 ಮತ್ತು ಇಂಟರ್‌ನೆಟ್ ಎಕ್ಸ್‌ಪ್ಲೋರರ್ 7 ಎರಡರಲ್ಲೂ ಈ ಸೌಲಭ್ಯ ಅಂತರ್ಗತವಾಗಿತ್ತು.

ಫೈರ್‌ಫಾಕ್ಸ್ 2 ಬಳಕೆದಾರರ ಮುಂದೆ ಎರಡು ದಾರಿ ಇಟ್ಟಿತ್ತು. ಒಂದು, ವಂಚಕ ತಾಣಗಳ ಪಟ್ಟಿಯನ್ನು ನಿಮ್ಮ ಗಣಕಕ್ಕೇ ಇಳಿಸಿಕೊಂಡು ಅಲ್ಲೇ ಹೋಲಿಸುವುದು. ಇನ್ನೊಂದು, ನೀವು ತೆರೆಯುವ ಪ್ರತಿ ವಿಳಾಸವನ್ನೂ ಗೂಗಲ್‌ಗೆ ಕಳಿಸಿ ಕೇಳುವುದು. ಮೊದಲನೆಯದರಲ್ಲಿ ಗುಟ್ಟು ಉಳಿಯುತ್ತದೆ, ಆದರೆ ಪಟ್ಟಿ ಹಳತಾಗುತ್ತದೆ. ಎರಡನೆಯದರಲ್ಲಿ ಉತ್ತರ ತಾಜಾ, ಆದರೆ ನೀವು ಯಾವ ಕಾಯಿಲೆಯ ಬಗ್ಗೆ ಓದಿದಿರಿ, ಯಾವ ಸಾಲ ವಿಚಾರಿಸಿದಿರಿ ಎಂಬುದೆಲ್ಲ ಬೇರೊಬ್ಬರ ಕಡತ ಸೇರಬಹುದು.

ಗಣಿತ ತಂದ ಪರಿಹಾರ

1970ರಲ್ಲೇ ಬರ್ಟನ್ ಬ್ಲೂಮ್ ಎಂಬವರು ದೊಡ್ಡ ಪಟ್ಟಿಯನ್ನು ಕಿರಿದಾಗಿಸುವ ‘ಬ್ಲೂಮ್ ಫಿಲ್ಟರ್’ ವಿಧಾನ ಪ್ರಕಟಿಸಿದ್ದರು. ಪಟ್ಟಿಯ ಒಂದೊಂದು ವಿಳಾಸಕ್ಕೆ ಕೇವಲ 10 ಬಿಟ್ ಜಾಗ ಕೊಟ್ಟರೂ, ಪಟ್ಟಿಯಲ್ಲಿಲ್ಲದ್ದನ್ನು ಇದೆ ಎನ್ನುವ ತಪ್ಪು ಶೇಕಡಾ 1ರಷ್ಟು ಮಾತ್ರ. ಪಟ್ಟಿಯಲ್ಲಿರುವುದನ್ನು ಇಲ್ಲ ಎನ್ನುವ ತಪ್ಪು ಆಗುವುದೇ ಇಲ್ಲ. ಕ್ರೋಮ್ ಬ್ರೌಸರ್ ತನ್ನ ಆರಂಭದ ವರ್ಷಗಳಲ್ಲಿ ಇದನ್ನೇ ಬಳಸಿತು.

ನಂತರ ನೆಲೆಯೂರಿದ್ದು ಹ್ಯಾಷ್‌ನ ಭಾಗವನ್ನಷ್ಟೇ ಬಳಸುವ ಕ್ರಮ. ಒಂದು ಉದಾಹರಣೆ ನೋಡಿ. ನೀವು ಕೆಎ 18 ನೋಂದಣಿಯ ಹಳೆಯ ಬೈಕ್ ಕೊಳ್ಳಬೇಕಿದೆ. ಅದು ಕದ್ದ ಮಾಲೇ ಎಂದು ತಿಳಿಯಬೇಕು, ಆದರೆ ಯಾವ ಬೈಕ್ ಎಂದು ಹೇಳಲು ಇಷ್ಟವಿಲ್ಲ. ಕೊನೆಯ ಎರಡು ಅಂಕೆ ‘47’ ಎಂದಷ್ಟೇ ಹೇಳುತ್ತೀರಿ. 47ರಲ್ಲಿ ಕೊನೆಯಾಗುವ, ಕಳುವಾದ ಎಲ್ಲ ಬೈಕುಗಳ ಪಟ್ಟಿ ನಿಮಗೆ ಸಿಗುತ್ತದೆ. ಮನೆಯಲ್ಲಿ ಕುಳಿತು ಹೋಲಿಸಿಕೊಳ್ಳುತ್ತೀರಿ.

ಬ್ರೌಸರ್ ಮಾಡುವುದೂ ಇದನ್ನೇ. ವಿಳಾಸದಿಂದ 256 ಬಿಟ್‌ಗಳ ಹ್ಯಾಷ್ ತಯಾರಿಸಿ, ಅದರ ಮೊದಲ 32 ಬಿಟ್‌ಗಳನ್ನು ತನ್ನಲ್ಲಿರುವ ಪಟ್ಟಿಯೊಡನೆ ಹೋಲಿಸುತ್ತದೆ. ಹೊಂದಿದರೆ ಮಾತ್ರ ಆ 32 ಬಿಟ್‌ಗಳನ್ನು ಸರ್ವರಿಗೆ ಕಳಿಸುತ್ತದೆ. 32 ಬಿಟ್‌ಗಳಿಂದ ಸುಮಾರು 429 ಕೋಟಿ ಸಂಖ್ಯೆಗಳಾಗುತ್ತವೆ. 2008ರಲ್ಲೇ ಗೂಗಲ್ ಜಾಲದಲ್ಲಿ ಒಂದು ಲಕ್ಷ ಕೋಟಿ ವಿಳಾಸಗಳನ್ನು ಕಂಡಿದ್ದಾಗಿ ಹೇಳಿತ್ತು. ಭಾಗಿಸಿ ನೋಡಿ: ಒಂದೊಂದು ಸಂಖ್ಯೆಯ ಹಿಂದೆ ಸರಾಸರಿ 230ಕ್ಕೂ ಹೆಚ್ಚು ವಿಳಾಸಗಳು. ಅವುಗಳಲ್ಲಿ ನಿಮ್ಮದು ಯಾವುದೆಂದು ಹೇಳುವುದು ಸುಲಭವಲ್ಲ.

ಆದರೆ ಒಂದೇ ತಾಣಕ್ಕೆ ಸೇರಿದ ಹಲವು ತುಣುಕುಗಳು ಒಟ್ಟಿಗೆ ಹೋದರೆ ಆ ತಾಣವನ್ನು ಗುರುತಿಸಬಹುದೆಂದು ಫ್ರಾನ್ಸಿನ ಸಂಶೋಧಕರು 2016ರಲ್ಲಿ ತೋರಿಸಿದರು. ಇನ್ನೊಂದು ತೊಡಕು ಸಮಯದ್ದು. ಗಣಕದಲ್ಲಿನ ಪಟ್ಟಿ 30ರಿಂದ 60 ನಿಮಿಷಕ್ಕೊಮ್ಮೆ ನವೀಕರಣವಾಗುತ್ತಿದ್ದರೆ, ಗೂಗಲ್ ಪ್ರಕಾರ ವಂಚಕ ತಾಣದ ಸರಾಸರಿ ಆಯುಷ್ಯ 10 ನಿಮಿಷಕ್ಕೂ ಕಡಿಮೆ. ಹಾಗಾಗಿ 2024ರ ಮಾರ್ಚ್‌ನಲ್ಲಿ ಹೊಸ ವ್ಯವಸ್ಥೆ ಬಂತು. ಹ್ಯಾಷ್‌ನ ತುಣುಕು ಗೂಢಲಿಪಿಯಲ್ಲಿ ಬೇರೆ ಕಂಪನಿಯೊಂದರ ಮೂಲಕ ಹೋಗುತ್ತದೆ. ಕೇಳಿದವರು ಯಾರೆಂದು ಮಧ್ಯವರ್ತಿಗೆ ಗೊತ್ತು, ಕೇಳಿದ್ದೇನೆಂದು ಗೊತ್ತಿಲ್ಲ. ಗೂಗಲ್‌ಗೆ ಪ್ರಶ್ನೆ ಗೊತ್ತು, ಕೇಳಿದವರು ಗೊತ್ತಿಲ್ಲ. ಇದು ಕ್ರೋಮ್‌ನ ‘ಸ್ಟ್ಯಾಂಡರ್ಡ್’ ರಕ್ಷಣೆಗೆ ಅನ್ವಯಿಸುತ್ತದೆ. ‘ಎನ್‌ಹಾನ್ಸ್ಡ್’ ಆಯ್ಕೆಯಲ್ಲಿ ಹೆಚ್ಚಿನ ಮಾಹಿತಿ ಗೂಗಲ್‌ಗೆ ಹೋಗುತ್ತದೆ.

ಬೇಲಿಯೇ ಮೇಯ್ದ ಪ್ರಸಂಗಗಳು

ಗಣಿತ ಇಷ್ಟು ಮುಂದುವರಿದಿದ್ದರೂ ಎಲ್ಲ ವಿಸ್ತರಣೆಗಳೂ ಅದನ್ನು ಪಾಲಿಸಲಿಲ್ಲ. ತಾಣಗಳ ವಿಶ್ವಾಸಾರ್ಹತೆಗೆ ಅಂಕ ಕೊಡುತ್ತಿದ್ದ ‘ವೆಬ್ ಆಫ್ ಟ್ರಸ್ಟ್’ ಬಳಕೆದಾರರ ಜಾಲಸಂಚಾರದ ವಿವರ ಮೂರನೆಯವರ ಕೈ ಸೇರಿರುವುದನ್ನು ಜರ್ಮನಿಯ ಎನ್‌ಡಿಆರ್ ಪತ್ರಕರ್ತರು 2016ರ ನವೆಂಬರಿನಲ್ಲಿ ಬಯಲು ಮಾಡಿದರು. ಹೆಸರು ಅಳಿಸಿದ್ದರೂ ವಿಳಾಸಗಳಿಂದಲೇ ವ್ಯಕ್ತಿಗಳನ್ನು ಗುರುತಿಸಲು ಸಾಧ್ಯವಾಗಿತ್ತು. ಅವಾಸ್ಟ್ ಸಂಸ್ಥೆಯ ಸುರಕ್ಷತಾ ವಿಸ್ತರಣೆ ಅಗತ್ಯಕ್ಕಿಂತ ಹೆಚ್ಚು ಮಾಹಿತಿ ರವಾನಿಸುತ್ತದೆಂದು ಸಂಶೋಧಕ ವ್ಲಾಡಿಮಿರ್ ಪಲಾಂಟ್ 2019ರಲ್ಲಿ ಬರೆದರು. 2020ರಲ್ಲಿ ಅವಾಸ್ಟ್ ತನ್ನ ಮಾಹಿತಿ ಮಾರಾಟದ ಅಂಗಸಂಸ್ಥೆ ಜಂಪ್‌ಶಾಟ್ ಅನ್ನು ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ತೆರುವಂತೆ ಅವಾಸ್ಟ್‌ಗೆ ಹೇಳಿತು.

ನಮ್ಮ ನಾಡಿನ ಪಾತ್ರ

ಈ ಕಥೆಯ ಕಾನೂನಿನ ಭಾಗದಲ್ಲಿ ಕರ್ನಾಟಕಕ್ಕೆ ಮುಖ್ಯ ಸ್ಥಾನವಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದಲ್ಲಿ ಬಂದ ಮರುವರ್ಷವೇ ಬೆಂಗಳೂರಿನಲ್ಲಿ ಸೈಬರ್ ಅಪರಾಧ ಠಾಣೆ ಸ್ಥಾಪನೆಯಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಹೂಡಿದ ದಾವೆಯ ಫಲವಾಗಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರಲ್ಲಿ ಬಂದಿತು.

ಆಯ್ಕೆ ಹೇಗೆ?

ಶಾಲಾ ಕಾಲೇಜಿನ ಗಣಕ ಕೊಠಡಿಯಲ್ಲಿ ನೀವು ಹಾಕುವ ಒಂದು ವಿಸ್ತರಣೆ ನೂರಾರು ಮಕ್ಕಳ ಓದನ್ನು ನೋಡಬಲ್ಲದು. ಅದಕ್ಕೇ ಈ ಪ್ರಶ್ನೆಗಳು.

1. ಬ್ರೌಸರಿನಲ್ಲೇ ಇರುವ ರಕ್ಷಣೆ ಚಾಲೂ ಇದೆಯೇ? ಎಷ್ಟೋ ಸಲ ಅದೇ ಸಾಕು.

2. ಹೋಲಿಕೆ ನಡೆಯುವುದು ನಿಮ್ಮ ಗಣಕದಲ್ಲೋ, ದೂರದ ಸರ್ವರಿನಲ್ಲೋ? ಉದಾಹರಣೆಗೆ, ಯುಬ್ಲಾಕ್ ಒರಿಜಿನ್ ಮುಕ್ತ ತಂತ್ರಾಂಶ. ಪಟ್ಟಿಗಳನ್ನು ಇಳಿಸಿಕೊಂಡು ಗಣಕದಲ್ಲೇ ಹೋಲಿಸುತ್ತದೆ. ಫೈರ್‌ಫಾಕ್ಸ್‌ನಲ್ಲಿ ಅದರ ಪೂರ್ಣ ಆವೃತ್ತಿ ಲಭ್ಯ.

3. ‘ಎಲ್ಲ ತಾಣಗಳ ಎಲ್ಲ ಮಾಹಿತಿ ಓದಿ ಬದಲಿಸುವ’ ಅನುಮತಿ ಕೇಳುತ್ತದೆಯೇ? ವಂಚನೆ ತಡೆಯಲು ಇದು ಬೇಕಾಗಬಹುದು; ಆದರೆ ಕೇಳುವವರು ಯಾರೆಂದು ತಿಳಿದಿರಬೇಕು.

4. ಉಚಿತವಾದರೆ ಖರ್ಚು ಭರಿಸುವವರಾರು? ಮಾಲೀಕತ್ವ ಈಚೆಗೆ ಬದಲಾಗಿದೆಯೇ?

ಎರಡನೆಯ ಪ್ರಶ್ನೆಯನ್ನು ವಿದ್ಯಾರ್ಥಿಗಳು ಪ್ರಯೋಗದಿಂದಲೇ ಪರೀಕ್ಷಿಸಬಹುದು. ಫೈರ್‌ಫಾಕ್ಸ್‌ನ ಡೆವಲಪರ್ ಸಾಧನಗಳಲ್ಲಿ ವಿಸ್ತರಣೆಯನ್ನು ಆಯ್ದು, ‘ನೆಟ್‌ವರ್ಕ್’ ವಿಭಾಗ ತೆರೆದಿಟ್ಟು, ಹತ್ತು ತಾಣಗಳಿಗೆ ಭೇಟಿ ಕೊಡಿ. ಪ್ರತಿ ಭೇಟಿಗೂ ಒಂದು ಸಂದೇಶ ಹೊರಹೋಗುತ್ತಿದ್ದರೆ ಅದರಲ್ಲೇನಿದೆ ಎಂದು ಓದಿ.

ಒಂದು ಮಿತಿಯನ್ನು ಮರೆಯಬಾರದು. ನಮ್ಮ ಊರುಗಳಲ್ಲಿ ಬಹುತೇಕ ವಂಚನೆ ಬರುವುದು ಮೊಬೈಲಿಗೆ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ವಿಸ್ತರಣೆಗಳಿಗೆ ಅವಕಾಶವಿಲ್ಲ, ಫೈರ್‌ಫಾಕ್ಸ್‌ನಲ್ಲಿ ಇದೆ. ವಾಟ್ಸ್‌ಆ್ಯಪಿನಲ್ಲಿ ಬರುವ ಎಪಿಕೆ ಕಡತವನ್ನಾಗಲಿ, ಫೋನ್ ಕರೆಯನ್ನಾಗಲಿ ಯಾವ ವಿಸ್ತರಣೆಯೂ ತಡೆಯದು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದೆ ಸಾಗುವುದನ್ನು ತಡೆಯುವ ಸಾಧ್ಯತೆ ಹೆಚ್ಚು.